ಮರಳಿನ ಅಕ್ಷರದಿಂದ ಒಂದು ನಿಮಿಷದ ಓದಿನವರೆಗೆ

ಮಗುವಿಗೆ ಓದು ಬರುತ್ತದೆಯೆಂದು ನಾವು ಯಾವಾಗ ಹೇಳಬಹುದು? ವರ್ಣಮಾಲೆಯನ್ನು ತಪ್ಪಿಲ್ಲದೆ ಒಪ್ಪಿಸಿದಾಗಲೆ? ಪಾಠಪುಸ್ತಕದ ಪುಟವನ್ನು ಗಡಗಡನೆ ಹೇಳಿ ಮುಗಿಸಿದಾಗಲೆ? ಇಲ್ಲವೆ, ಹಿಂದೆಂದೂ ಕಾಣದ ಒಂದು ಕಾಗದವನ್ನು ಕೈಗೆ ಕೊಟ್ಟರೆ ಅದನ್ನು ತಡವರಿಸದೆ ಓದಿ, ಅದರಲ್ಲಿ ಏನು ಬರೆದಿದೆಯೆಂದು ನಮಗೆ ತಿಳಿಸಿದಾಗಲೆ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಇನ್ನೂರು ವರ್ಷಗಳಿಂದ ಸರಕಾರಗಳೂ ಪಂಡಿತರೂ ಶಾಲಾ ಇನ್‌ಸ್ಪೆಕ್ಟರರೂ ಇದಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಡುತ್ತ ಬಂದಿದ್ದಾರೆ. ಆ ಉತ್ತರಗಳ ಫಲವನ್ನು ಕನ್ನಡದ ಮಕ್ಕಳು ಉಂಡಿದ್ದಾರೆ.

ಮಹಾಪೆಯಲ್ಲಿ ಕುಳಿತು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿಲ್ಲದೆ ಇಲ್ಲ. ಠಾಣೆ ಖಾರಿಯ ಈಚೆಗಿರುವ ಈ ಕೈಗಾರಿಕಾ ಪಟ್ಟಿಗೂ ಇದರ ಸುತ್ತಿನ ಘಣಸೋಳಿ, ಕೋಪರಖೈರಣೆಗಳಿಗೂ, ಶೀಳಫಾಟಾ ದಾಟಿದರೆ ಸಿಗುವ ಡೊಂಬಿವಲಿ, ಕಲ್ಯಾಣಗಳಿಗೂ ಎರಡು ಬಗೆಯ ಕನ್ನಡಿಗರು ಬಂದು ನೆಲೆಸಿದ್ದಾರೆ. ಉಡುಪಿ, ಮಂಗಳೂರುಗಳ ಕಡೆಯಿಂದ ಹೋಟೆಲು, ಬ್ಯಾಂಕು, ಕಾರಖಾನೆಗಳ ಕೆಲಸಕ್ಕೆಂದು ಬಂದವರು ಒಂದು ಕಡೆ. ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೂ ರಸ್ತೆಯ ಕೆಲಸಕ್ಕೂ ಬಂದವರು ಇನ್ನೊಂದು ಕಡೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದೊಳಗೆ ಕನ್ನಡ ತಾಯ್ನುಡಿಯೆಂದು ಬರೆಸಿದವರು ಸುಮಾರು 10 ಲಕ್ಷ ಮಂದಿ. ಮೊದಲಿನವರ ಮಕ್ಕಳು ಸಾಮಾನ್ಯವಾಗಿ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಎರಡನೆಯವರ ಮಕ್ಕಳು ಹೋದರೆ ಮರಾಠಿ ಶಾಲೆಗೆ ಹೋಗುತ್ತಾರೆ. ಇಬ್ಬರ ಮಕ್ಕಳೂ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಆಡುತ್ತಾರೆ. ಊರಿನಿಂದ ಬಂದ ಮದುವೆಯ ಕರೆಯೋಲೆಯನ್ನು ಮುಂದಿಟ್ಟರೆ ಮಾತ್ರ ಅಪ್ಪನ ಮುಖ ನೋಡುತ್ತಾರೆ. ಇಂಥ ಮಕ್ಕಳಿಗಾಗಿಯೇ ಅಲ್ಲಲ್ಲಿ ಭಾನುವಾರದ ಕನ್ನಡ ತರಗತಿಗಳು ನಡೆಯುತ್ತವೆ. ಮೂರು ತಿಂಗಳಾಗುವ ಹೊತ್ತಿಗೆ ತಂದೆತಾಯಿಗಳು, "ನಮ್ಮವನಿಗೆ ಅಕ್ಷರ ಪೂರ್ತಿ ಬಂತು, ಇನ್ನೇನು ಓದು ಬಂದ ಹಾಗೆಯೇ" ಎನ್ನುತ್ತಾರೆ. ಬಂದ ಹಾಗೆಯೇ? ಈ ಲೇಖಕ ಶಿಕ್ಷಣಶಾಸ್ತ್ರ ಬಲ್ಲವನಲ್ಲ. ವಾಣಿಜ್ಯದ ಪದವಿ ಪಡೆದು ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ ಮಾಡುವವನು. ಒಂದು ಮೊತ್ತ ಸರಿಯೆಂದು ಯಾರಾದರೂ ಹೇಳಿದರೆ, ಅದನ್ನು ಯಾವ ಬಗೆಯಲ್ಲಿ ಎಣಿಸಿದಿರಿ ಎಂದು ಕೇಳುವುದು ನಮ್ಮ ವೃತ್ತಿಯ ಚಾಳಿ. ಓದಿನ ವಿಷಯದಲ್ಲಿಯೂ ಅದೇ ಪ್ರಶ್ನೆಯನ್ನು ಹಿಡಿದು ಹಳೆಯ ಕಾಗದಗಳನ್ನು ನೋಡುತ್ತ ಹೋದಾಗ ದೊರೆತ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಓದನ್ನು ಅಳೆಯುವ ಚಿಂತೆ ನಮ್ಮ ದೇಶಕ್ಕೆ ಹೊಸದಲ್ಲ. ವೇದಪಾಠದ ಉಚ್ಚಾರಣೆಗಾಗಿ ಹುಟ್ಟಿದ ಶಿಕ್ಷಾ ಗ್ರಂಥಗಳಲ್ಲಿ, ಅದರಲ್ಲೂ ಪಾಣಿನಿಯ ಹೆಸರಿನಲ್ಲಿ ಪ್ರಚಲಿತವಾಗಿರುವ ಶಿಕ್ಷೆಯಲ್ಲಿ, ಒಳ್ಳೆಯ ಪಾಠಕನ ಆರು ಗುಣಗಳನ್ನೂ ಅಧಮ ಪಾಠಕರ ಆರು ಬಗೆಗಳನ್ನೂ ಹೆಸರಿಸಿದ್ದಾರೆ. ದನಿಯ ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳನ್ನು ಸರಿಯಾಗಿ ಬಿಡಿಸುವುದು, ಒಳ್ಳೆಯ ಸ್ವರ, ಧೈರ್ಯ, ಲಯದ ಹಿಡಿತ, ಇವು ಗುಣಗಳು. ಇನ್ನು ಅಧಮರು ಯಾರೆಂದರೆ, ಹಾಡಿದಂತೆ ರಾಗವಾಗಿ ಎಳೆಯುವವನು, ಅವಸರದಿಂದ ಓಡಿಸುವವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿಯೇ ಓದುವವನು, ಅರ್ಥವರಿಯದವನು, ಕ್ಷೀಣವಾದ ಕಂಠದವನು. ಬರೆದದ್ದನ್ನು ನೋಡಿ ಓದುವುದು ದೋಷವೆಂಬುದು ಬಾಯಿಪಾಠದ ಕಾಲದ ಮಾತು, ಅದನ್ನು ಬಿಟ್ಟುಬಿಡೋಣ. ಉಳಿದ ಐದರಲ್ಲಿ ಎರಡನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಅವಸರದಿಂದ ಓಡಿಸುವವನನ್ನೂ ಅರ್ಥವರಿಯದವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಬೇಗ ಓದುವುದೇ ಜಾಣತನವೆಂದು ಆ ಪಂಡಿತರು ಬಗೆಯಲಿಲ್ಲ.

ಕನ್ನಡನಾಡಿನ ಹಳ್ಳಿಯ ಮಕ್ಕಳು ಹೇಗೆ ಓದುತ್ತಿದ್ದರೆಂಬುದಕ್ಕೆ ನಮಗಿರುವ ಅತ್ಯಂತ ವಿಶದವಾದ ಹಳೆಯ ದಾಖಲೆ ಬಳ್ಳಾರಿಯದು. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ, ತನ್ನ ಪ್ರಾಂತದ ಪ್ರತಿಯೊಂದು ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳಿದ್ದಾರೆ, ಏನು ಕಲಿಯುತ್ತಾರೆ ಎಂದು ಕಲೆಕ್ಟರರಿಂದ ವರದಿ ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದನು. ಈತ ತೆಲುಗಿನ ವ್ಯಾಕರಣ ಬರೆದ ವಿದ್ವಾಂಸ. ಆದ್ದರಿಂದ ಬರಿಯ ಅಂಕಿಗಳನ್ನು ತುಂಬಿ ಕೈತೊಳೆದುಕೊಳ್ಳಲಿಲ್ಲ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಈಗಿನ ಅನಂತಪುರವೂ ಸೇರಿತ್ತು. ಒಟ್ಟು ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಉಳಿದ 23 ಬ್ರಾಹ್ಮಣರ ಸಂಸ್ಕೃತ ಪಾಠಶಾಲೆಗಳು. ಮಕ್ಕಳು 6,641. ಭಾಗಿಸಿ ನೋಡಿದರೆ ಶಾಲೆಗೆ ಹನ್ನೆರಡು ಚಿಲ್ಲರೆ ಮಂದಿ ಬರುತ್ತದೆ. ಹಿಂದೂ ಮಕ್ಕಳಲ್ಲಿ ಹೆಣ್ಣುಮಕ್ಕಳು ಬರೇ 60.

ಆ ಶಾಲೆಗಳ ದಿನಚರಿಯನ್ನು ಓದುವಾಗ ನಮ್ಮ ಅಜ್ಜಂದಿರು ಹೇಳುತ್ತಿದ್ದ ಐಗಳ ಮಠ, ಕೂಲಿಮಠಗಳು ಕಣ್ಣಿಗೆ ಕಟ್ಟುತ್ತವೆ. ಐದು ವರ್ಷಕ್ಕೆ ಅಕ್ಷರಾಭ್ಯಾಸ. ಬೆಳಗ್ಗೆ ಆರು ಗಂಟೆಗೆ ಮಕ್ಕಳು ಕೂಡಬೇಕು. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವುದು ಮರ್ಯಾದೆ. ಎರಡನೆಯವನಿಗೆ ಒಂದು ಸೊನ್ನೆ, ಅಂದರೆ ಮಾನವೂ ಇಲ್ಲ, ಅವಮಾನವೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಛಡಿಯೇಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. (ನಮ್ಮ ಕಚೇರಿಗಳ ಹಾಜರಿಪಟ್ಟಿಗೆ ಇದನ್ನು ಅನ್ವಯಿಸಿದರೆ ಲೋಕಲ್ ರೈಲಿನವರ ಗತಿ ಏನಾದೀತೆಂದು ಯೋಚಿಸಬೇಕು.) ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಅಕ್ಕಿಯ ಗಂಜಿ, ಇದ್ದಿಲ ಪುಡಿ ಬಳಿದ ಹಲಗೆ, ಇಲ್ಲವೆ ಗಂಜಿ, ಇದ್ದಿಲು, ಅಂಟುಗಳನ್ನು ಹಚ್ಚಿ ಬಿರುಸು ಮಾಡಿ ಮಡಿಸಿದ ಬಟ್ಟೆಯ ಕಡತ, ಬರೆಯಲು ಬಳಪ. ಮೇಲಿನ ತರಗತಿಯ ಹುಡುಗ ಕೆಳಗಿನವನಿಗೆ ಹೇಳಿಕೊಡುತ್ತಿದ್ದ. ಈ ಕ್ರಮವನ್ನು ಮದರಾಸಿನಲ್ಲಿ ಕಂಡು ಮೆಚ್ಚಿದ ಆಂಡ್ರ್ಯೂ ಬೆಲ್ ಎಂಬ ಪಾದರಿ 1797ರಲ್ಲಿ ಅದರ ಮೇಲೆ ಪುಸ್ತಕ ಬರೆದು ಇಂಗ್ಲೆಂಡಿನಲ್ಲಿ ಹಬ್ಬಿಸಿದನು. ಕ್ಯಾಂಬೆಲನೂ ಈ ಪದ್ಧತಿ ಅನುಕರಣೆಗೆ ಯೋಗ್ಯವೆಂದೇ ಹೊಗಳಿದ್ದಾನೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಮುಂದಿನ ಮಾತು. ಐಗಳು ಊರಿನ ಅಲ್ಲಲ್ಲಿಂದ ಹಳೆಯ ಕಾಗದಗಳನ್ನು ಸಂಗ್ರಹಿಸಿಟ್ಟುಕೊಂಡು, ಬೇರೆ ಬೇರೆ ಕೈಬರಹಗಳನ್ನು ಮಕ್ಕಳಿಂದ ಓದಿಸುತ್ತಿದ್ದರು. ಸರಕಾರಿ ಪತ್ರಗಳು, ಖಾಸಗಿ ಪತ್ರಗಳು, ಕರಾರು ಪತ್ರಗಳು ಎಲ್ಲವೂ ಅದರಲ್ಲಿದ್ದುವು. ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದುದರ ಉದ್ದೇಶವೂ ಮುಖ್ಯವಾಗಿ ಉಚ್ಚಾರ ಸ್ಪಷ್ಟವಾಗಲಿ, ಯಾವ ಬರಹ ಎದುರಾದರೂ ಅದನ್ನು ತಟ್ಟನೆ, ತಪ್ಪಿಲ್ಲದೆ ಓದುವ ಶಕ್ತಿ ಬರಲಿ ಎಂಬುದೇ ಆಗಿತ್ತೆಂದು ಕ್ಯಾಂಬೆಲ್ ಬರೆಯುತ್ತಾನೆ. ಯಾವ ಬರಹ ಎದುರಾದರೂ ತಟ್ಟನೆ, ತಪ್ಪಿಲ್ಲದೆ! ಇಂದಿನ ಶಿಕ್ಷಣತಜ್ಞರು ಸರಾಗವಾದ ಓದು ಎಂದು ಕರೆಯುವುದನ್ನು 1823ರ ಬಳ್ಳಾರಿಯ ಐಗಳು ಗುರಿಯಾಗಿ ಇಟ್ಟುಕೊಂಡಿದ್ದರು. ಪರರ ಕೈಬರಹ ಓದಿಸುವ ಅವರ ಉಪಾಯ ನನಗಂತೂ ಬಹಳ ಹಿಡಿಸಿತು. ಚೆಕ್ಕಿನ ಮೇಲಿನ ಬರಹವನ್ನು ದಿನವೂ ಬಿಡಿಸುವವನಿಗೆ ಅದರ ಬೆಲೆ ಗೊತ್ತು.

ಆದರೆ ಗುರಿ ಬೇರೆ, ಸಿದ್ಧಿ ಬೇರೆ. ಆ ಶಾಲೆಗಳ ಪುಸ್ತಕಗಳಾದರೂ ಯಾವುವು? ರಾಮಾಯಣ, ಭಾರತ, ಭಾಗವತಗಳು ಎಲ್ಲ ಕಡೆಯೂ ಇದ್ದುವು. ಲಿಂಗಾಯತ ಮಕ್ಕಳಿಗೆ ಬಸವಪುರಾಣ, ಗಿರಿಜಾ ಕಲ್ಯಾಣ, ಚನ್ನಬಸವ ಪುರಾಣ ಮೊದಲಾದುವು ಇದ್ದುವು. ಎಲ್ಲವೂ ಪದ್ಯ, ಎಲ್ಲವೂ ಆಡುಮಾತಿಗೆ ದೂರವಾದ ಹಳೆಯ ನುಡಿ. ಲಿಪಿ ಒಂದೇ ಆದುದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದಬಲ್ಲ. ಆದರೆ ಓದಿದ್ದು ತಿಳಿಯದು. ಅರ್ಥ ಹೇಳಬಲ್ಲ ಐಗಳು ವಿರಳ, ಅರ್ಥ ತಿಳಿದ ಹುಡುಗರು ಇನ್ನೂ ವಿರಳ. ಹುಡುಗರು ನೂರಾರು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ ಎಂದು ಕ್ಯಾಂಬೆಲ್ ಖೇದಪಡುತ್ತಾನೆ. ಆತ ಪರದೇಶದ ಅಧಿಕಾರಿ, ನಮ್ಮನ್ನು ಹೀನಾಯವಾಗಿ ಕಂಡ ಎನ್ನಲಾಗದು. ಅದೇ ವರದಿಯಲ್ಲಿ ಆತ ಶಾಲೆಗಳು ಕಡಮೆಯಾಗುತ್ತಿರುವುದಕ್ಕೆ ಜನರ ಬಡತನವೇ ಕಾರಣವೆಂದೂ, ಯುರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಕೈ ಕಟ್ಟಿತೆಂದೂ ತನ್ನ ಸರಕಾರಕ್ಕೇ ಮುಖಮೋರೆ ನೋಡದೆ ಬರೆದಿದ್ದಾನೆ. ಆದ್ದರಿಂದ ಗಿಳಿಪಾಠದ ಮಾತನ್ನೂ ನಂಬಬಹುದು.

ನಮ್ಮಲ್ಲಿ ಅನೇಕರ ಮೂಲಸ್ಥಾನವಾದ ಕೆನರಾ ಜಿಲ್ಲೆಯ ವಿಷಯ ಕೇಳಿದರೆ ನಿರಾಶೆಯಾಗುತ್ತದೆ. ಅಲ್ಲಿಯ ಪ್ರಿನ್ಸಿಪಾಲ್ ಕಲೆಕ್ಟರನು, ಮಕ್ಕಳಿಗೆ ಮನೆಗಳಲ್ಲಿಯೇ ಖಾಸಗಿಯಾಗಿ ಪಾಠವಾಗುತ್ತದೆ, ಪಟ್ಟಿ ತಯಾರಿಸಲು ಬಹುಕಾಲ ಹಿಡಿಯುತ್ತದೆ, ಮಾಡಿದರೂ ಪ್ರಯೋಜನವಿಲ್ಲ ಎಂಬರ್ಥದಲ್ಲಿ ಬರೆದು ಅಂಕಿಗಳನ್ನೇ ಕಳಿಸಲಿಲ್ಲ. 1826ರ ಮಾರ್ಚಿನಲ್ಲಿ ಮನ್ರೋ ಒಟ್ಟು ಲೆಕ್ಕ ಕೊಡುವಾಗ ಪ್ರಾಂತದಲ್ಲಿ 12,498 ಶಾಲೆಗಳೆಂದು ಹೇಳಿದ್ದರಲ್ಲಿ ತುಳುನಾಡಿನ ಐಗಳು ಸೇರಿಲ್ಲ. ಈ ವರದಿಗಳೆಲ್ಲ ನೂರೈವತ್ತು ವರ್ಷ ದಫ್ತರಗಳಲ್ಲಿ ಮಲಗಿದ್ದು, 1983ರಲ್ಲಿ ಧರಂಪಾಲರ ಗ್ರಂಥದ ಮೂಲಕ ಸಾಮಾನ್ಯ ವಾಚಕರ ಕೈಗೆ ಬಂದವು.

ಇನ್ನು ಎರಡನೆಯ ಅಧ್ಯಾಯ. 1862ರಲ್ಲಿ ಇಂಗ್ಲೆಂಡಿನ ಸರಕಾರ ಒಂದು ಹೊಸ ನಿಯಮಾವಳಿ ತಂದಿತು. ಇನ್‌ಸ್ಪೆಕ್ಟರ ಶಾಲೆಗೆ ಬಂದು ಪ್ರತಿಯೊಂದು ಮಗುವನ್ನೂ ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸಬೇಕು. ಮಗು ಒಂದು ವಿಷಯದಲ್ಲಿ ತಪ್ಪಿದರೆ ಶಾಲೆಯ ಅನುದಾನದಲ್ಲಿ ಎರಡು ಶಿಲ್ಲಿಂಗು ಎಂಟು ಪೆನ್ಸು ಕಡಿತ. ಫಲ ನೋಡಿ ಹಣ ಕೊಡುವ ಪದ್ಧತಿಯೆಂದು ಇದಕ್ಕೆ ಹೆಸರಾಯಿತು. ಅದೇ ದಶಕದಲ್ಲಿ ಮುಂಬಯಿ ಪ್ರಾಂತಕ್ಕೂ ಮದರಾಸು ಪ್ರಾಂತಕ್ಕೂ ಇದು ಕಾಲಿಟ್ಟಿತು. ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು ಆಗ ಮುಂಬಯಿಗೆ ಸೇರಿದ್ದುವು. ಮಂಗಳೂರು, ಬಳ್ಳಾರಿಗಳು ಮದರಾಸಿಗೆ. ಹೀಗೆ ಮಗುವಿನ ನಾಲಗೆಗೂ ಖಜಾನೆಯ ಬೀಗಕ್ಕೂ ನೇರವಾದ ಸಂಬಂಧ ಬೆಳೆಯಿತು.

ಲೆಕ್ಕದ ದೃಷ್ಟಿಯಿಂದ ಇದು ನ್ಯಾಯವಾಗಿಯೇ ಕಾಣುತ್ತದೆ. ಕೊಟ್ಟ ಹಣಕ್ಕೆ ರಶೀದಿ ಬೇಡವೆ? ಆದರೆ ಪರೀಕ್ಷೆಗಿಟ್ಟ ಪುಸ್ತಕ ಒಂದೇ, ಅದೂ ಮೊದಲೇ ಗೊತ್ತಿದ್ದದ್ದು. ಮೇಷ್ಟರು ಏನು ಮಾಡಬೇಕು? ವರ್ಷಪೂರ್ತಿ ಆ ಒಂದು ಪುಸ್ತಕವನ್ನೇ ಅರೆದು ಕುಡಿಸಿದರು. ಇಂಗ್ಲಿಷ್ ಕವಿ ಮ್ಯಾಥ್ಯೂ ಆರ್ನಲ್ಡ್ ಮೂವತ್ತೈದು ವರ್ಷ ಶಾಲಾ ಇನ್‌ಸ್ಪೆಕ್ಟರನಾಗಿದ್ದವನು. ಮಕ್ಕಳಿಗೆ ನಿಜವಾಗಿ ಓದಲು ಬಾರದಿದ್ದರೂ ಓದಿನ ಪರೀಕ್ಷೆಯಲ್ಲಿ ಅವರನ್ನು ದಾಟಿಸುವ ಜಾಣ್ಮೆಯನ್ನು ಶಾಲೆಗಳು ಕಲಿತುಕೊಂಡಿವೆಯೆಂದು ಅವನು ತನ್ನ ವರದಿಯಲ್ಲಿ ಸ್ಪಷ್ಟವಾಗಿ ಬರೆದನು. ಬಳ್ಳಾರಿಯ ಗಿಳಿ ಲಂಡನ್ನಿನಲ್ಲಿಯೂ ಕೂತಿತ್ತು! ವ್ಯತ್ಯಾಸವಿಷ್ಟೇ: ಬಳ್ಳಾರಿಯಲ್ಲಿ ಅರ್ಥವಾಗದ ಪದ್ಯಗಳು ಅದನ್ನು ಸಾಕಿದ್ದವು, ಅಲ್ಲಿ ಸರಕಾರದ ಹಣ ಸಾಕುತ್ತಿತ್ತು. ಇಂಗ್ಲೆಂಡಿನಲ್ಲಿ 1890ರ ದಶಕದಲ್ಲಿ ಈ ಪದ್ಧತಿ ಬಿದ್ದುಹೋಯಿತು. ಇಂಡಿಯಾದಲ್ಲಿ 1904ರ ಶಿಕ್ಷಣ ನಿರ್ಣಯ ಅದನ್ನು ಖಂಡಿಸಿದ ಮೇಲೆ ಕೈಬಿಟ್ಟರು. ಇನ್‌ಸ್ಪೆಕ್ಟರ ಬರುವ ದಿನದ ಭಯ ಮಾತ್ರ ಬಹುಕಾಲ ಉಳಿಯಿತು. ನಮ್ಮ ಹಿರಿಯರ ಶಾಲೆಯ ಕಥೆಗಳಲ್ಲಿ ಅದಿಲ್ಲದ ಕಥೆಯೇ ಕಡಮೆ.

ಆದರೆ ಇನ್‌ಸ್ಪೆಕ್ಟರರೆಲ್ಲ ಒಂದೇ ಅಚ್ಚಿನವರಲ್ಲ. ದಕ್ಷಿಣ ಕನ್ನಡದಲ್ಲಿ ಶಾಲೆಗಳ ತಪಾಸಣೆಗೆ ಊರೂರು ಸುತ್ತಿದ ಪಂಜೆ ಮಂಗೇಶರಾಯರು (1874-1937) ಮಕ್ಕಳ ತಪ್ಪುಗಳನ್ನು ಎಣಿಸುವುದಕ್ಕಿಂತ, ಅವರಿಗೆ ಓದಲು ಏನು ಕೊಡಬೇಕೆಂಬುದನ್ನು ಹೆಚ್ಚು ಯೋಚಿಸಿದವರು. 'ನಾಗರಹಾವೆ', 'ತೆಂಕಣ ಗಾಳಿಯಾಟ' ಮೊದಲಾದ ಅವರ ಪದ್ಯಗಳನ್ನು ಪಾಠಪುಸ್ತಕದಲ್ಲಿ ಓದಿದ ಮಗುವಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ಏರಬೇಕು ಎಂಬುದನ್ನು ಬೇರೆ ಹೇಳಿಕೊಡಬೇಕಾಗಿರಲಿಲ್ಲ. ಪದ್ಯವೇ ಕೈಹಿಡಿದು ನಡೆಸುತ್ತಿತ್ತು. ಬಳ್ಳಾರಿಯ ಹುಡುಗರಿಗಿದ್ದ ಕಷ್ಟಕ್ಕೆ, ಅಂದರೆ ಓದುವ ನುಡಿ ಬೇರೆ, ಆಡುವ ನುಡಿ ಬೇರೆ ಎಂಬ ಕಷ್ಟಕ್ಕೆ, ಕನ್ನಡದಲ್ಲಿ ಹುಟ್ಟಿದ ಒಳ್ಳೆಯ ಉತ್ತರಗಳಲ್ಲಿ ಇದೊಂದು.

ಇನ್ನೊಂದು ಉತ್ತರ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಅದು ಗಮಕ. ಕುಮಾರವ್ಯಾಸನ ಭಾಮಿನೀ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುತ್ತವೆ; ಆದರೆ ಪದಗಳು ಗಣದ ಗಡಿಯಲ್ಲಿಯೇ ಮುಗಿಯಬೇಕೆಂಬ ನಿಯಮವಿಲ್ಲ. ಗಣಕ್ಕೆ ಸರಿಯಾಗಿ ಕಡಿದು ಓದಿದರೆ ತಾಳ ಉಳಿದು ಅರ್ಥ ಸಾಯುತ್ತದೆ. ಗಮಕಿಯು ಅರ್ಥಕ್ಕೆ ಸರಿಯಾಗಿ ಪದವನ್ನು ಬಿಡಿಸಿ, ಲಯವನ್ನೂ ಕೆಡಿಸದೆ ಓದುತ್ತಾನೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಅದರ ಅರ್ಥ ಹೇಳುತ್ತಾನೆ. ಓದು ಬೇರೆ ಬಾರದ ಕೇಳುಗರೂ, ಗಮಕಿ ಎಡವಿದರೆ ಅದನ್ನು ಕಿವಿಯಿಂದಲೇ ಹಿಡಿಯುತ್ತಿದ್ದರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಇಂದಿಗೂ ಈ ಸಂಪ್ರದಾಯ ನಡೆದಿದೆ. ಆ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದುದನ್ನು ವಾಚಕರು ಬಲ್ಲರು. ಅಮೆರಿಕದ ರಾಷ್ಟ್ರೀಯ ವಾಚನ ಮಂಡಲಿಯೊಂದು 2000ದಲ್ಲಿ ವರದಿ ಬರೆದು, ಸರಾಗ ಓದೆಂದರೆ ವೇಗ, ನಿರ್ದೋಷತೆ, ಭಾವಕ್ಕೆ ತಕ್ಕ ಧ್ವನಿ ಈ ಮೂರೂ ಕೂಡಿದ್ದು ಎಂದು ಹೇಳಿತು. ಹೊಸಹಳ್ಳಿಯವರಿಗೆ ಅದರಲ್ಲಿ ಹೊಸದೇನೂ ಕಾಣಲಾರದು.

ಸರಕಾರದ ಜನಗಣತಿಯವರೂ ಓದನ್ನು ಅಳೆಯಲು ಹೆಣಗಿದ್ದಾರೆ. 1911ರಲ್ಲಿ ಅವರು ಒಂದು ಸೊಗಸಾದ ಅಳತೆಗೋಲು ಹುಡುಕಿದರು: ಸ್ನೇಹಿತನಿಗೆ ಒಂದು ಕಾಗದ ಬರೆದು, ಅವನಿಂದ ಬಂದ ಉತ್ತರವನ್ನು ಓದಬಲ್ಲವನೇ ಅಕ್ಷರಸ್ಥ. ಮುಂಬಯಿಯ ಕನ್ನಡಿಗರ ಪಾಲಿಗೆ ಇದು ಬರಿಯ ವ್ಯಾಖ್ಯೆಯಾಗಿರಲಿಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ಊರಿನಿಂದ ಬರುವ ಕಾರ್ಡನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಸಂಕೋಚ ಎಂಥದೆಂದು ಹಿಂದಿನವರು ಬಲ್ಲರು. ಅವರಿಗಾಗಿ ಕನ್ನಡದ ರಾತ್ರಿಶಾಲೆಗಳು ನಡೆದುವು. ದಿನದ ದುಡಿಮೆ ಮುಗಿಸಿ ಬಂದು ಅಲ್ಲಿ ಕಲಿತವರು ಎಷ್ಟೋ ಮಂದಿ ಮುಂದೆ ಹೋಟೆಲುಗಳ ಯಜಮಾನರೂ ಬ್ಯಾಂಕುಗಳ ನೌಕರರೂ ವಕೀಲರೂ ಆದರು. ಅಲ್ಲಿ ಓದನ್ನು ಅಳೆಯಲು ಇನ್‌ಸ್ಪೆಕ್ಟರ ಬೇಕಾಗಿರಲಿಲ್ಲ. ಅಮ್ಮನ ಕಾಗದ ಬಂದರೆ ಅಂದೇ ಪರೀಕ್ಷೆ.

ಶಾಸ್ತ್ರೀಯವಾದ ಅಳತೆಯ ಕಥೆಯನ್ನು ಬೇಗ ಮುಗಿಸುತ್ತೇನೆ. 1915ರಲ್ಲಿ ಅಮೆರಿಕದ ವಿಲಿಯಂ ಗ್ರೇ ಎಂಬವನು, ಸುಲಭದಿಂದ ಕಠಿನಕ್ಕೆ ಏರುವ ಪರಿಚ್ಛೇದಗಳನ್ನು ಮಾಡಿ, ಮಗು ಗಟ್ಟಿಯಾಗಿ ಓದುವಾಗ ಹಿಡಿದ ಸಮಯ, ಮಾಡಿದ ತಪ್ಪು ಇವೆರಡನ್ನೂ ಗುರುತಿಸುವ ಕ್ರಮ ತಂದನು. 1974ರಲ್ಲಿ ಲಾಬರ್ಜ್, ಸ್ಯಾಮ್ಯುಯೆಲ್ಸ್ ಎಂಬಿಬ್ಬರು ವೇಗಕ್ಕೇಕೆ ಬೆಲೆಯೆಂಬುದನ್ನು ವಿವರಿಸಿದರು. ಮನಸ್ಸಿನ ಗಮನ ಒಂದು ಮಿತವಾದ ಬಂಡವಾಳ. ಅಕ್ಷರ ಗುರುತಿಸುವುದಕ್ಕೇ ಅದೆಲ್ಲ ಖರ್ಚಾದರೆ ಅರ್ಥಕ್ಕೆ ಶಿಲ್ಕು ಉಳಿಯುವುದಿಲ್ಲ. ಅಕ್ಷರ ತಾನಾಗಿ ಕಣ್ಣಿಗೆ ಬಿದ್ದು ತಾನಾಗಿ ಪದವಾದರೆ ಮಾತ್ರ ಗಮನ ಅರ್ಥದ ಖಾತೆಗೆ ಜಮೆಯಾಗುತ್ತದೆ. (ಜಮಾಖರ್ಚಿನ ಭಾಷೆ ನನ್ನದು, ಅವರದಲ್ಲ.) ಕೂಡಿಸಿ ಕೂಡಿಸಿ ಓದುವ ಮಗು ವಾಕ್ಯದ ಕೊನೆ ಮುಟ್ಟುವಾಗ ಮೊದಲನ್ನು ಮರೆತಿರುತ್ತದೆ, ಅದು ದಡ್ಡತನವಲ್ಲ, ಗಮನದ ಅಭಾವ.

ಈ ವಿಚಾರವನ್ನು ಕನ್ನಡದ ಓದಿಗೆ ಹೊಂದಿಸಿ ಪರೀಕ್ಷೆಯ ಚೌಕಟ್ಟೊಂದನ್ನು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ ಜಿ. ಪುರುಷೋತ್ತಮ ಅವರು 1994ರಲ್ಲಿ ಪ್ರಕಟಿಸಿದರು. ನಮ್ಮ ಲಿಪಿಯ ಸ್ವಭಾವ ಬೇರೆ. ಇಂಗ್ಲಿಷಿನ ಮಗು 26 ಅಕ್ಷರ ಕಲಿತರೆ ಅಕ್ಷರಗಳ ಮಟ್ಟಿಗೆ ಕೆಲಸ ಮುಗಿಯಿತು. ನಮ್ಮಲ್ಲಿ 34 ವ್ಯಂಜನಗಳಿಗೆ ಸ್ವರಗಳು ಸೇರಿದರೆ ಕಾಗುಣಿತವೇ ನಾನೂರಕ್ಕೆ ಮಿಕ್ಕುತ್ತದೆ. ಅದರ ಮೇಲೆ ಒತ್ತಕ್ಷರಗಳು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕನ್ನಡದ ಮಕ್ಕಳಲ್ಲಿ ಅಕ್ಷರದ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಯೆಂದು ಕಂಡುಬಂದಿತು. ಕರ್ನಾಟಕದಲ್ಲಿ, ದಿನವೂ ಶಾಲೆಗೆ ಹೋಗುವ ಮಕ್ಕಳ ಮಾತಿದು. ವಾರಕ್ಕೊಂದು ಗಂಟೆ ಕಲಿಯುವ ನಮ್ಮ ಮಕ್ಕಳ ಮೇಲೆ ಮೂರು ತಿಂಗಳಿಗೇ ಪೂರ್ಣವಿರಾಮ ಹಾಕುವ ಪೋಷಕರು ಇದನ್ನು ಗಮನಿಸಬೇಕು.

ಓದಿನ ಅಳತೆಯಲ್ಲಿ ನಮ್ಮ ಮುಂಬಯಿಗೂ ಒಂದು ಹೆಸರಿದೆ. 1990ರ ದಶಕದ ಮಧ್ಯದಲ್ಲಿ ಇಲ್ಲಿಯ ಕೊಳೆಗೇರಿಗಳ ಮಕ್ಕಳ ನಡುವೆ ಕೆಲಸ ಆರಂಭಿಸಿದ 'ಪ್ರಥಮ್' ಸಂಸ್ಥೆ, 2005ರಿಂದ 'ಅಸರ್' ಎಂಬ ಸಮೀಕ್ಷೆ ನಡೆಸುತ್ತಿದೆ. ಗ್ರಾಮಗಳಲ್ಲಿ ಮನೆಮನೆಗೆ ಹೋಗಿ, ಒಂದು ಹಾಳೆಯನ್ನು ಮಗುವಿನ ಕೈಗೆ ಕೊಡುತ್ತಾರೆ. ಅದರಲ್ಲಿ ಅಕ್ಷರಗಳು, ಬಿಡಿ ಪದಗಳು, ಒಂದು ಚಿಕ್ಕ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಒಂದು ಕಥೆ. ಮಗು ಎಲ್ಲಿಯವರೆಗೆ ಓದಬಲ್ಲದೆಂದು ನೋಡಿ ಬರೆದುಕೊಳ್ಳುತ್ತಾರೆ. ಅಷ್ಟೇ! ಇಡೀ ದೇಶದ ಗ್ರಾಮಾಂತರದಲ್ಲಿ, ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಕಥೆಯನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 27.3, ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ ನಂತರ 2022ರಲ್ಲಿ 20.5, 2024ರಲ್ಲಿ 27.1. ನಾಲ್ಕರಲ್ಲಿ ಮೂವರು ಓದಲಾರರೆಂಬ ಸಂಗತಿಯನ್ನು ಯಾವ ಶಾಲೆಯ ಅಂಕಪಟ್ಟಿಯೂ ನಮಗೆ ಹೇಳಿರಲಿಲ್ಲ. ಮೇಷ್ಟರಿಗೆ ಬಹುಮಾನವಿಲ್ಲ, ಕಡಿತವೂ ಇಲ್ಲವಾದ್ದರಿಂದ ಈ ಹಾಳೆಯನ್ನು ಯಾರೂ ಮೊದಲೇ ಬಾಯಿಪಾಠ ಮಾಡಿಸುವುದಿಲ್ಲ. 1862ರ ನಿಯಮಾವಳಿಯಲ್ಲಿ ಇಲ್ಲದಿದ್ದುದು ಇದೇ.

2021ರ ಜುಲೈ 5ರಂದು ಕೇಂದ್ರ ಸರಕಾರ 'ನಿಪುಣ ಭಾರತ' ಯೋಜನೆಯನ್ನು ಆರಂಭಿಸಿ, ಎರಡನೆಯ ತರಗತಿ ಮುಗಿಯುವಾಗ ಮಗು ನಿಮಿಷಕ್ಕೆ 45ರಿಂದ 60 ಪದ, ಮೂರನೆಯದು ಮುಗಿಯುವಾಗ ಕಡಮೆಯೆಂದರೆ 60 ಪದ, ಅರ್ಥಸಹಿತ ಓದಬೇಕೆಂದು ಗುರಿಯಿಟ್ಟಿತು. ಇಲ್ಲಿ ಕನ್ನಡಿಗನಾದವನು ಒಂದು ಆಕ್ಷೇಪಣೆ ಎತ್ತಲೇಬೇಕು. ಪದವೆಂದರೆ ಯಾವ ಪದ? 'ಮನೆಯಲ್ಲಿದ್ದವರಿಗೂ' ಎಂಬುದು ನಮ್ಮಲ್ಲಿ ಒಂದು ಪದ, ಎಂಟು ಅಕ್ಷರ. ಅದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟರೆ ಎಂಟು ಪದಗಳಾಗುತ್ತವೆ. ವಿಭಕ್ತಿ, ಸಂಧಿ, ಸಮಾಸಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟುವ ಭಾಷೆಗೂ ಬಿಡಿ ಬಿಡಿಯಾಗಿ ಹರಡುವ ಭಾಷೆಗೂ ಒಂದೇ ತಕ್ಕಡಿ ನ್ಯಾಯವಲ್ಲ; ಡಾಲರನ್ನೂ ರೂಪಾಯಿಯನ್ನೂ ಬರಿಯ ನೋಟಿನ ಸಂಖ್ಯೆಯಿಂದ ಹೋಲಿಸಿದ ಹಾಗಾದೀತು. ಸಂತೋಷದ ಸಂಗತಿಯೆಂದರೆ, 2022ರಲ್ಲಿ ಎನ್.ಸಿ.ಇ.ಆರ್.ಟಿ. ಮೂರನೆಯ ತರಗತಿಯ ಸುಮಾರು 86,000 ಮಕ್ಕಳ ಅಧ್ಯಯನ ನಡೆಸಿದಾಗ ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಓದನ್ನು ನೋಡಿ, ಒಂದೊಂದು ಭಾಷೆಗೆ ಬೇರೆ ಬೇರೆ ಮಟ್ಟವನ್ನು ಗೊತ್ತುಮಾಡಿತು.

ಇದೆಲ್ಲ ಕರ್ನಾಟಕದ ಮಕ್ಕಳ ಕಥೆ. ಖಾರಿಯ ಈಚೆಗಿನ ನಮ್ಮ ಮಕ್ಕಳ ಎಡವುಗಲ್ಲುಗಳು ಬೇರೆಯೇ ಇವೆ. ಮಹಾರಾಷ್ಟ್ರದ ಶಾಲೆಗಳಲ್ಲೆಲ್ಲ ಮರಾಠಿ ಕಡ್ಡಾಯವೆಂದು 2020ರಲ್ಲಿ ಕಾಯಿದೆಯಾದ ಮೇಲೆ ಇಂಗ್ಲಿಷ್ ಶಾಲೆಯ ಮಗುವೂ ದೇವನಾಗರಿಯನ್ನು ಬಲ್ಲದು. ಇದು ಲಾಭವೇ ಸರಿ. ವರ್ಣಮಾಲೆಯ ಅನುಕ್ರಮ ಒಂದೇ, ಕಾಗುಣಿತದ ತತ್ವ ಒಂದೇ, ಹಿಂದಿಯಲ್ಲಿ ಬಳಕೆಯಿಲ್ಲದ 'ಳ' ಕೂಡ ಮರಾಠಿಯಲ್ಲಿದೆ. ಆದರೆ ಲಾಭದ ಬೆನ್ನಿಗೇ ನಷ್ಟವೂ ಇದೆ. ಮರಾಠಿಯಲ್ಲಿ ಪದದ ಕೊನೆಯ ಅಕಾರವನ್ನು ನುಂಗುತ್ತಾರೆ. ಆ ರೂಢಿಯಿಂದ ಬಂದ ಮಗು 'ಮರ' ಎಂಬುದನ್ನು 'ಮರ್' ಎಂದೂ 'ಕಮಲ' ಎಂಬುದನ್ನು 'ಕಮಲ್' ಎಂದೂ ಓದುತ್ತದೆ. ಹ್ರಸ್ವ ಎಕಾರ, ಒಕಾರಗಳಿಗೆ ಮರಾಠಿಯ ಬರಹದಲ್ಲಿ ಬೇರೆ ಗುರುತಿಲ್ಲ. ಆದ್ದರಿಂದ 'ಕೆರೆ', 'ಕೇರಿ', 'ಕೊಡು', 'ಕೋಡು' ಇವುಗಳ ದೀರ್ಘ ಗುರುತನ್ನು ಕಣ್ಣು ಹಾರಿಸಿಬಿಡುತ್ತದೆ. ರೇಫ ಅಲ್ಲಿ ಅಕ್ಷರದ ನೆತ್ತಿಯ ಮೇಲೆ ಕೂರುತ್ತದೆ. ನಮ್ಮಲ್ಲಿ ಅರ್ಕಾವೊತ್ತಾಗಿ ಅಕ್ಷರದ ಬಲಕ್ಕೆ ಬಂದು ನಿಂತು, ಮೊದಲು ಉಚ್ಚರಿಸಲ್ಪಡುತ್ತದೆ. 'ಸೂರ್ಯ', 'ಕಾರ್ಯ' ಎಂಬಲ್ಲಿ ಮಗು ತಬ್ಬಿಬ್ಬಾಗುವುದು ಸಹಜ. ಒತ್ತುಗಳಲ್ಲಿ ತ, ನ, ಮ, ಯ, ರ, ಲ ಈ ಆರಕ್ಕೆ ಮೂಲ ಅಕ್ಷರದ ಹೋಲಿಕೆಯೇ ಇಲ್ಲ. ಅಮ್ಮ, ಅನ್ನ, ಹಳ್ಳಿ, ಕತ್ತೆ, ಎಲ್ಲಿ ಎಂದು ದಿನಬಳಕೆಯ ಮಾತುಗಳಲ್ಲೆಲ್ಲ ಒತ್ತು ತುಂಬಿದ್ದು, ಅವುಗಳಲ್ಲಿ ಹೆಚ್ಚಿನವು ಈ ಆರರ ಗುಂಪಿನವೇ ಆದುದರಿಂದ, ಇವನ್ನು ಪುಸ್ತಕದ ಕೊನೆಯ ಪಾಠಕ್ಕೆ ದೂಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಎಲ್ಲಕ್ಕಿಂತ ದೊಡ್ಡ ಕಲ್ಲು ಬಳ್ಳಾರಿಯ ಹಳೆಯ ಕಲ್ಲೇ. ಮನೆಯಲ್ಲಿ 'ಬರ್ತೀನಿ', 'ಬರ್ತೀನ್ರಿ', 'ಬರ್ತೆ' ಎಂದು ಕೇಳಿದ ಮಗುವಿಗೆ ಪುಸ್ತಕದ 'ಬರುತ್ತೇನೆ' ಅರ್ಧ ಪರಕೀಯ. ತುಳು ಮನೆಯ ಮಗುವಿಗೆ ಮುಕ್ಕಾಲು ಪರಕೀಯ. ಅಕ್ಷರ ಕೂಡಿಸಿ ಹೇಳಿದರೂ ಅರ್ಥ ಹೊಳೆಯದಿದ್ದರೆ ಅದು ಮಗುವಿನ ತಪ್ಪಲ್ಲ. ಗಟ್ಟಿಯಾಗಿ ಓದಿ ಹೇಳುವ ಹಿರಿಯರು ಮನೆಯಲ್ಲಿದ್ದರೆ ಪುಸ್ತಕದ ನುಡಿ ಕಿವಿಗೆ ಮೊದಲು ಬಂದು, ಕಣ್ಣಿಗೆ ಆಮೇಲೆ ಬರುತ್ತದೆ. ಗಮಕದ ಊರುಗಳಲ್ಲಿ ನಡೆದದ್ದೂ ಅದೇ ಕ್ರಮದಲ್ಲಿ.

ಆದುದರಿಂದ ಭಾನುವಾರದ ತರಗತಿಗಳನ್ನು ನಡೆಸುವ ಮಿತ್ರರಲ್ಲಿ ನನ್ನದೊಂದು ಅರಿಕೆ. ತಿಂಗಳಿಗೊಮ್ಮೆ ಪ್ರತಿಯೊಂದು ಮಗುವನ್ನೂ ಬೇರೆಯಾಗಿ ಪಕ್ಕಕ್ಕೆ ಕೂರಿಸಿಕೊಂಡು, ಅದು ಮೊದಲು ಕಂಡಿರದ ಏಳೆಂಟು ಸಾಲುಗಳನ್ನು ಗಟ್ಟಿಯಾಗಿ ಓದಿಸಿರಿ. ಗಡಿಯಾರ ನೋಡಿ ಒಂದು ನಿಮಿಷ. ಸರಿಯಾಗಿ ಓದಿದ ಪದಗಳೆಷ್ಟು, ಯಾವ ಅಕ್ಷರದಲ್ಲಿ ನಿಂತಿತು, ಎಲ್ಲಿ ಉಸಿರು ತೆಗೆದುಕೊಂಡಿತು ಎಂದು ಗುರುತು ಹಾಕಿಕೊಳ್ಳಿರಿ. ಓದಿ ಮುಗಿದ ಮೇಲೆ, ಏನು ಬರೆದಿತ್ತಪ್ಪಾ ಎಂದು ಕೇಳಿರಿ. ಮರಾಠಿಯಲ್ಲಿಯೋ ತುಳುವಿನಲ್ಲಿಯೋ ಉತ್ತರ ಕೊಟ್ಟರೂ ಸರಿಯೆಂದೇ ಎಣಿಸಿರಿ. ಆ ಅಂಕಿಯನ್ನು ಪಕ್ಕದ ಮಗುವಿನ ಅಂಕಿಯೊಡನೆ ಹೋಲಿಸಿ ಸಭೆಯಲ್ಲಿ ಓದಬೇಡಿರಿ. ಅದೇ ಮಗುವಿನ ಹಿಂದಿನ ತಿಂಗಳ ಅಂಕಿಯೊಡನೆ ಹೋಲಿಸಿದರೆ ಸಾಕು. ಅದಕ್ಕೆ ಪಾಠಪುಸ್ತಕ ಬೇಡ, ಅದು ಬಾಯಿಪಾಠವಾಗಿರುತ್ತದೆ. ಊರಿನ ಕರೆಯೋಲೆಯಾಗಬಹುದು, ಕರ್ನಾಟಕದ ಬಸ್ಸಿನ ಬೋರ್ಡಿನ ಹೆಸರುಗಳಾಗಬಹುದು, ಅಜ್ಜಿಯ ಕೈಬರಹದ ಹಳೆಯ ಕಾರ್ಡೊಂದು ಪೆಟ್ಟಿಗೆಯಲ್ಲಿ ಸಿಕ್ಕರೆ ಅದಂತೂ ಬಹಳ ಒಳ್ಳೆಯದು. ಏನೂ ಸಿಗದಿದ್ದರೆ ಈ ಸಂಚಿಕೆಯದೇ ಯಾವುದಾದರೊಂದು ಪುಟ, ಜಾಹೀರಾತಿನ ಪುಟವಾದರೂ ಅಡ್ಡಿಯಿಲ್ಲ.